ಕನ್ನಡಿ ಬಿಟ್ಟು ಬೀದಿಗಿಳಿದ ಕ್ಲಿಯೊ

ಪ್ಯಾರಿಸ್ಸಿನ ಸೊರ್ಬಾನ್ ವಿಶ್ವವಿದ್ಯಾಲಯದ ಪಕ್ಕದಲ್ಲಿರುವ ಶಾಂಪೊಲಿಯೊ ಬೀದಿ ಒಂದು ಸಣ್ಣ ಗಲ್ಲಿ. ಅಲ್ಲಿನ ಮೂರು ಪುಟ್ಟ ಚಿತ್ರಮಂದಿರಗಳಲ್ಲಿ ಹಳೆಯ ಚಿತ್ರಗಳು ವರ್ಷವಿಡೀ ನಡೆಯುತ್ತಿರುತ್ತವೆ. ಕಳೆದ ಚಳಿಗಾಲದಲ್ಲಿ ಒಂದೇ ವಾರದೊಳಗೆ ಫ್ರೆಂಚ್ ನಿರ್ದೇಶಕರಾದ ಗೊದಾರ್ ಅವರ ‘ಲ ಮೆಪ್ರಿ’ (1963) ಮತ್ತು ಆನ್ಯೆಸ್ ವಾರ್ದಾ ಅವರ ‘ಕ್ಲಿಯೊ, ಐದರಿಂದ ಏಳು’ (1962) ಎರಡನ್ನೂ ಅಲ್ಲಿ ನೋಡಿದೆ. ನಮ್ಮೂರಿನ ಫಿಲ್ಮ್ ಸೊಸೈಟಿಗೆ ಕೆಲವರು ಬರುತ್ತಿದ್ದುದೇ ಯುರೋಪಿನ ಚಿತ್ರಗಳಿಗೆ ಸೆನ್ಸಾರಿನ ಕತ್ತರಿ ಬಿದ್ದಿರುವುದಿಲ್ಲವೆಂಬ ಆಸೆಯಿಂದ. ಆ ಸಾಲಿನಲ್ಲಿ ನಾನು ಇರಲಿಲ್ಲವೆಂದು ಹೇಳಲಾರೆ.

‘ಲ ಮೆಪ್ರಿ’ಯ ಆರಂಭದಲ್ಲಿ ಬ್ರಿಜಿತ್ ಬಾರ್ದೊ ಹಾಸಿಗೆಯ ಮೇಲೆ ಬೋರಲಾಗಿ ಮಲಗಿ, ನನ್ನ ಪಾದ ನಿನಗೆ ಇಷ್ಟವೇ, ಮಂಡಿ ಇಷ್ಟವೇ, ತೊಡೆ ಇಷ್ಟವೇ ಎಂದು ಗಂಡನನ್ನು ಕೇಳುತ್ತ ಹೋಗುತ್ತಾಳೆ. ತಾರೆಯ ಮೈ ಸಾಕಷ್ಟು ಕಾಣಲಿಲ್ಲವೆಂದು ನಿರ್ಮಾಪಕರು ತಗಾದೆ ತೆಗೆದ ಮೇಲೆ ಸೇರಿಸಿದ ದೃಶ್ಯವಿದು. ಅದಕ್ಕೆ ಕೆಂಪು, ನೀಲಿ ಫಿಲ್ಟರು ಹಾಕಿ, ದೇಹವನ್ನು ಸರಕಿನಂತೆ ಪಟ್ಟಿಮಾಡಿಸಿ, ಗೊದಾರ್ ಆ ನಿರ್ಮಾಪಕರನ್ನೇ ಅಣಕಿಸಿದರೆನ್ನುವುದನ್ನು ಒಪ್ಪುತ್ತೇನೆ. ಆದರೆ ಅಣಕಕ್ಕೂ ಬಳಕೆಯಾದದ್ದು ಅವಳ ಮೈಯೇ ಅಲ್ಲವೇ?

ಕ್ಲಿಯೊ ಗಾಯಕಿ, ಕ್ಯಾನ್ಸರ್ ಇರಬಹುದೆಂಬ ಅಂಜಿಕೆಯಲ್ಲಿ ಪರೀಕ್ಷೆಯ ಫಲಿತಾಂಶಕ್ಕಾಗಿ ಅವಳು ಕಾಯುವ ಸುಮಾರು ಒಂದೂವರೆ ಗಂಟೆಯೇ ಚಿತ್ರ. ಮೊದಲರ್ಧದಲ್ಲಿ ಕಂಡಕಂಡ ಕನ್ನಡಿಯಲ್ಲೆಲ್ಲ ತನ್ನನ್ನೇ ನೋಡಿಕೊಳ್ಳುವ ಅವಳು, ನಡುವೆ ಒಮ್ಮೆ ವಿಗ್ಗನ್ನು ಕಿತ್ತೆಸೆದು, ಕಪ್ಪು ಉಡುಪು ತೊಟ್ಟು ಬೀದಿಗಿಳಿದ ಮೇಲೆ, ಕ್ಯಾಮೆರಾ ಅವಳ ಕಣ್ಣಿಗೆ ಬಿದ್ದದ್ದನ್ನು ತೋರಿಸತೊಡಗುತ್ತದೆ: ಜೀವಂತ ಕಪ್ಪೆ ನುಂಗುವ ಬೀದಿಯಾಟಗಾರ, ದೋಮ್ ಕೆಫೆಯಲ್ಲಿ ಅವಳೇ ಹಾಕಿದ ಅವಳ ಹಾಡಿಗೆ ಕಿವಿಗೊಡದೆ ಹರಟುತ್ತಿರುವ ಜನ. ಆಮೇಲೆ ಗೆಳತಿ ದೊರೊತೆ ಸಿಗುವುದು ಶಿಲ್ಪಶಾಲೆಯಲ್ಲಿ. ಶಿಲ್ಪಿಗಳಿಗೆ ಮಾದರಿಯಾಗಿ ಬರಿಮೈಯಲ್ಲಿ ನಿಂತಿದ್ದಾಳೆ, ಸುತ್ತ ಉಳಿಯ ಸದ್ದು. ಕೆಲಸ ಮುಗಿಯಿತೆಂದೊಡನೆ ಬಟ್ಟೆ ತೊಟ್ಟು ಹೊರಡುತ್ತಾಳೆ. ಗುಮಾಸ್ತನೊಬ್ಬ ಕಡತ ಮುಚ್ಚಿಟ್ಟು ಎದ್ದಷ್ಟೇ ಸಹಜ. ನನಗಾದರೆ ಏನಾದರೂ ಕುಂದು ಕಂಡಾರೆಂಬ ಭಯ ಎಂದು ಕ್ಲಿಯೊ ಹೇಳಿದರೆ, ಅವರು ನೋಡುವುದು ನನ್ನನ್ನಲ್ಲ, ಒಂದು ಆಕಾರವನ್ನು ಎಂಬರ್ಥದ ಮಾತಾಡಿ ದೊರೊತೆ ಕಾರು ಓಡಿಸುತ್ತಾಳೆ. ನಾನು ಆ ದಶಕದ ಚಿತ್ರಗಳಲ್ಲಿ ನೋಡಿದ ಬೆತ್ತಲೆ ದೃಶ್ಯಗಳಲ್ಲಿ, ಬೆತ್ತಲಾದವಳೇ ಅದರ ಬಗ್ಗೆ ಇಷ್ಟು ನಿರಾಳವಾಗಿ ಮಾತಾಡಿದ್ದು ಇಲ್ಲೊಂದೇ.

ಮುಂದಿನ ಭಾನುವಾರ ಮೊಂಪಾರ್ನಾಸಿಗೆ ಹೋಗಿ ದೋಮ್ ಹುಡುಕಿದೆ. ಈಗದು ಮೀನಿನ ಅಡುಗೆಗೆ ಹೆಸರಾದ ದುಬಾರಿ ಹೋಟೆಲು. ಹೊರಗೆ ಹಾಕಿದ್ದ ಬೆಲೆಪಟ್ಟಿಯನ್ನು ಪೂರ್ತಿ ಓದಿ ವಾಪಸಾದೆ. ಗಾಜಿನಾಚೆ ಕೂತವರಲ್ಲಿ ಯಾರೂ ತಲೆ ಎತ್ತಲಿಲ್ಲ.