ಮುಳ್ಳಯ್ಯನಗಿರಿಗೆ ನಡೆದು ಹೊರಡುವವರಿಗೆ

ಸರ್ಪದಾರಿ ಎಂಬ ಕಾಲುದಾರಿಯಿಂದ ಹತ್ತುವವರು ಬೆಳಿಗ್ಗೆ 6.30ರ ಒಳಗೆ ಬುಡದಲ್ಲಿರಬೇಕು. ಏರು ಸುಮಾರು 4 ಕಿ.ಮೀ., ನಿಧಾನಕ್ಕೆ ಹತ್ತಿದರೆ 2ರಿಂದ 3 ಗಂಟೆ. ದಾರಿ ಬಹುಪಾಲು ಬರೀ ಹುಲ್ಲುಗಾವಲು, ಮರದ ನೆರಳಿಲ್ಲ. ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಹೊರಟವರು ಅರ್ಧದಲ್ಲೇ ಸುಸ್ತಾಗುವುದು ಇದಕ್ಕೇ. ನೀರು ತಲೆಗೆ 2 ಲೀಟರಾದರೂ ಕೆಳಗಿಂದಲೇ ಬೇಕು. ಚಪಾತಿ, ಚಟ್ನಿಪುಡಿ, ಒಂದಿಷ್ಟು ಶೇಂಗಾ-ಬೆಲ್ಲ ಸಾಕು.

ತುದಿ 1930 ಮೀಟರ್. ಚಿಕ್ಕಮಗಳೂರು ಪೇಟೆಗಿಂತ 800 ಮೀಟರಿಗೂ ಹೆಚ್ಚು ಮೇಲೆ, ಅಂದರೆ ಐದು ಡಿಗ್ರಿಯಷ್ಟು ತಂಪು, ಜೊತೆಗೆ ಗಾಳಿ. ಬೆವರಿದ ಅಂಗಿಯಲ್ಲೇ ಕೂತರೆ ನಡುಕ ಹಿಡಿಯುತ್ತದೆ. ಒಣ ಬನಿಯನ್ ಒಂದು ಚೀಲದಲ್ಲಿರಲಿ.

ಮಳೆಗಾಲದಲ್ಲಿ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಮೇಲೆ ಬೇವಿನೆಣ್ಣೆ ಸವರಿ. ಕಚ್ಚಿದ್ದನ್ನು ಎಳೆಯಬೇಡಿ, ಉಗುರಿನಿಂದ ಮೆಲ್ಲಗೆ ಬಿಡಿಸಿ.

ಅನಾಹುತ ಹೆಚ್ಚಾಗಿ ಇಳಿಯುವಾಗಲೇ: ಒದ್ದೆ ಹುಲ್ಲು ಜಾರುತ್ತದೆ, ದಣಿದ ಮೊಣಕಾಲು ತಡೆಯುವುದಿಲ್ಲ. ಮಂಜು ಕವಿದು ದಾರಿ ಕಾಣದಿದ್ದರೆ ಅಡ್ಡದಾರಿ ಹುಡುಕದೆ ನಿಂತಲ್ಲೇ ಕಾಯಿರಿ. ಆ ಹೊತ್ತಲ್ಲಿ ಗಾಳಿಯ ಸದ್ದೊಂದೇ. ಬೆಟ್ಟ ನಮ್ಮನ್ನು ನೋಡುತ್ತಿದೆಯೇನೋ ಅನ್ನಿಸುತ್ತದೆ. ಅರಣ್ಯ ಇಲಾಖೆಯ ಅನುಮತಿ, ವಾಹನದ ನಿಯಮಗಳನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ.