ಒಂದೇ ಇಳಿಜಾರಿನ ನವೆಂಬರ್

ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್‌ನಿಂದ ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ, ಮಳೆನೀರನ್ನು ಎರಡು ಸಾಗರಗಳಿಗೆ ಹಂಚುವ ಪರ್ವತಶ್ರೇಣಿಯ ಆಚೀಚೆ ಮೂರು ಸ್ಕೀ ಬೆಟ್ಟಗಳು ಹತ್ತಿರ ಹತ್ತಿರದಲ್ಲೇ ಸಿಗುತ್ತವೆ: ಲವ್‌ಲ್ಯಾಂಡ್, ಅರಾಪಹೋ ಬೇಸಿನ್ ಮತ್ತು ಕೀಸ್ಟೋನ್. ಸ್ಕೀ ಮಾಡುವವರನ್ನು ಕುರ್ಚಿಯಲ್ಲಿ ಕೂರಿಸಿ ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟನ್ನು ಋತುವಿನಲ್ಲಿ ಮೊದಲು ಓಡಿಸಿದ ಹೆಗ್ಗಳಿಕೆಗಾಗಿ ಇವುಗಳ ನಡುವೆ ಅಕ್ಟೋಬರ್‌ನಲ್ಲೇ ಪೈಪೋಟಿ ಶುರುವಾಗುತ್ತದೆ. ಆದರೆ ನವೆಂಬರ್ ಮೊದಲ ವಾರಗಳಲ್ಲಿ ಹೋದವರಿಗೆ ಅಲ್ಲಿ ಸಿಗುವುದು, ನಕ್ಷೆಯ ತುಂಬ ಕಾಣುವ ಇಳಿಜಾರುಗಳ ಪೈಕಿ ಒಂದೋ ಎರಡೋ. ಉಳಿದದ್ದೆಲ್ಲ, ಮುಚ್ಚಿದ ಜಾಗಕ್ಕೆ ಅಡ್ಡ ಕಟ್ಟಿದ ಹಗ್ಗದಾಚೆಗಿನ ಕಂದು ಹುಲ್ಲು, ಬಂಡೆ, ಅಲ್ಲಲ್ಲಿ ತೆಳುವಾದ ಹಿಮ. ಒಂದೇ ದಾರಿ ಇರುವ ಕಡೆ ಯೋಜನೆ ಹಾಕುವುದಕ್ಕೇನಿದೆ ಎಂದು ಅನೇಕರು ನಗುತ್ತಾರೆ. ನನ್ನ ರೂಢಿ ಮಾತ್ರ ತಿರುಗುಮುರುಗು. ಇಡೀ ಬೆಟ್ಟ ತೆರೆದಿರುವ ಫೆಬ್ರುವರಿಯಲ್ಲಿ ನಾನು ಯಾವ ಲೆಕ್ಕವನ್ನೂ ಹಾಕುವುದಿಲ್ಲ. ನವೆಂಬರ್‌ನಲ್ಲಿ ಹಿಂದಿನ ರಾತ್ರಿಯೇ ಗಂಟೆಗಂಟೆಯ ಲೆಕ್ಕ ಹಾಕಿಕೊಂಡು ಹೊರಡುತ್ತೇನೆ.

ಕಳೆದ ನವೆಂಬರ್‌ನ ಒಂದು ಶುಕ್ರವಾರ ಹಾಗೆ ಹೊರಟಾಗ ಮೈಸೂರಿನ ಗೆಳೆಯನೊಬ್ಬ ಜೊತೆಗಿದ್ದ. ಹಿಂದಿನ ಚಳಿಗಾಲದಲ್ಲಿ ಸ್ಕೀ ಕಲಿತವನು, ಕಲಿತವರಿಗೆಲ್ಲ ಇರುವ ಆತುರ ಅವನಿಗೂ ಇತ್ತು. ಯಾವ ಬೆಟ್ಟಕ್ಕೆ ಹೋಗಬೇಕೆಂಬ ಚರ್ಚೆ ಕಾರಿನಲ್ಲಿ ಬಹಳ ದೂರದವರೆಗೆ ನಡೆಯಿತು. ಕೀಸ್ಟೋನ್‌ನ ಸ್ಕೂಲ್‌ಮಾರ್ಮ್ ಮೂರು ಮೈಲಿ ಉದ್ದದ, ಹಸಿರು ಗುರುತಿನ ಸೌಮ್ಯ ಇಳಿಜಾರು. ಬೇಸಿಗೆಯಿಡೀ ಕುರ್ಚಿಯಲ್ಲಿ ಕಳೆದ ತೊಡೆಗಳನ್ನು ಹದಕ್ಕೆ ತರಲು ಒಳ್ಳೆಯದು, ಆದರೆ ಹೊಸದಾಗಿ ಕಲಿಯುವವರೂ ಅಲ್ಲಿಗೇ ಬರುತ್ತಾರೆ. ಲವ್‌ಲ್ಯಾಂಡ್‌ನಲ್ಲಿ ಕ್ಯಾಟ್‌ವಾಕ್, ಮ್ಯಾಂಬೊ ಮತ್ತು ಹೋಮ್ ರನ್ ಎಂಬ ಮೂರು ತುಂಡುಗಳನ್ನು ಜೋಡಿಸಿ, ಸುಮಾರು ಸಾವಿರ ಅಡಿ ಇಳಿಯುವ ಒಂದೇ ದಾರಿ ಮಾಡಿಕೊಡುತ್ತಾರೆ. ಅರಾಪಹೋ ಬೇಸಿನ್‌ನ, ಅಂದರೆ ಎಲ್ಲರ ಬಾಯಲ್ಲಿ ಎ-ಬೇಸಿನ್‌ನ, ಹೈ ನೂನ್ ಇವೆರಡಕ್ಕಿಂತ ಚಿಕ್ಕದು. ಆದರೆ ನೀಲಿ ಗುರುತಿನ, ಅಂದರೆ ಮಧ್ಯಮ ಕಷ್ಟದ, ಆ ರನ್‌ಗೆ ಒಳ್ಳೆಯ ಇಳುಕಲಿದೆ, ಬ್ಲ್ಯಾಕ್ ಮೌಂಟನ್ ಎಕ್ಸ್‌ಪ್ರೆಸ್ ಲಿಫ್ಟ್ ಬೇಗ ಬೇಗ ಮತ್ತೆ ಮೇಲಕ್ಕೆ ತಂದು ಬಿಡುತ್ತದೆ. ಮೊದಲ ದಿನಗಳಲ್ಲಿ ನನಗೆ ಬೇಕಾಗಿರುವುದು ತಿರುವುಗಳನ್ನು ತಿದ್ದಿಕೊಳ್ಳುವ ಜಾಗ; ದೂರ ಹೋದ ಸುಖವಲ್ಲ. ಲವ್‌ಲ್ಯಾಂಡ್ ಪಾಸ್‌ನ 11,990 ಅಡಿ ಹತ್ತಿ ಇಳಿದು, ಎ-ಬೇಸಿನ್‌ಗೇ ಹೋದೆವು.

ಯಾವುದು ಮೊದಲು ತೆರೆಯುತ್ತದೆ ಎಂಬುದು ಬಹುಮಟ್ಟಿಗೆ ನೀರಿನ ಕೊಳವೆ ಎಲ್ಲಿಯವರೆಗೆ ಹೋಗಿದೆ ಎಂಬುದರ ಮೇಲೆ ನಿಂತಿದೆ. 1946ರಲ್ಲಿ ಹುಟ್ಟಿದ ಎ-ಬೇಸಿನ್ ದಶಕಗಳ ಕಾಲ ಆಕಾಶದ ಹಿಮವನ್ನೇ ನೆಚ್ಚಿಕೊಂಡಿತ್ತು. ಯಂತ್ರಗಳಿಂದ ಹಿಮ ಮಾಡತೊಡಗಿದ್ದು ಈ ಶತಮಾನದಲ್ಲಿ. ಸ್ನೋ ಗನ್‌ಗಳು ನೀರನ್ನು ಒತ್ತಡದ ಗಾಳಿಯೊಂದಿಗೆ ನುಣ್ಣಗೆ ಸಿಡಿಸುತ್ತವೆ, ಹನಿಗಳು ನೆಲ ಮುಟ್ಟುವುದರೊಳಗೆ ಹೆಪ್ಪುಗಟ್ಟಬೇಕು. ಅದಕ್ಕೆ ಸಾಮಾನ್ಯ ಉಷ್ಣಾಂಶಕ್ಕಿಂತ, ಗಾಳಿಯ ತೇವವನ್ನೂ ಲೆಕ್ಕಕ್ಕೆ ಹಿಡಿಯುವ ವೆಟ್ ಬಲ್ಬ್ ಉಷ್ಣಾಂಶ ಮುಖ್ಯ. ಅದು ಸೊನ್ನೆಗಿಂತ ಎರಡೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟಾದರೂ ಕೆಳಗಿರಬೇಕು. ಕೊಲೊರಾಡೊದ ಗಾಳಿ ಒಣ ಗಾಳಿಯಾದ್ದರಿಂದ, ಥರ್ಮಾಮೀಟರ್ ಸೊನ್ನೆ ತೋರಿಸುತ್ತಿರುವಾಗಲೂ ಎಷ್ಟೋ ರಾತ್ರಿ ಕೆಲಸ ನಡೆಯುತ್ತದೆ. ಆದರೂ ಒಂದು ಎಕರೆಗೆ ಒಂದಡಿ ಹಿಮ ಹಾಸಲು ಒಂದೂವರೆ ಲಕ್ಷ ಗ್ಯಾಲನ್‌ಗೂ ಹೆಚ್ಚು ನೀರು ಬೇಕಾಗುವುದರಿಂದ, ಇರುವ ನೀರನ್ನೆಲ್ಲ ಮೊದಲು ಒಂದೇ ಪಟ್ಟಿಯ ಮೇಲೆ ಸುರಿಯುತ್ತಾರೆ. ಎರಡೂ ಬದಿಗೆ ಹುಲ್ಲು, ನಡುವೆ ಬಿಳಿ ಪಟ್ಟಿ, ಆ ಪಟ್ಟಿಯ ಮೇಲೆ ನುರಿತವರೂ ನಡುಗುವವರೂ ಒಟ್ಟಿಗೆ. ಇಲ್ಲಿಯವರು ಅದಕ್ಕೆ ವೈಟ್ ರಿಬ್ಬನ್ ಆಫ್ ಡೆತ್, ಅಂದರೆ ಸಾವಿನ ಬಿಳಿ ಪಟ್ಟಿ, ಎಂದು ಹೆಸರಿಟ್ಟಿರುವುದು ಪೂರ್ತಿ ತಮಾಷೆಗಲ್ಲ.

ಆ ದಿನದ ನನ್ನ ಲೆಕ್ಕ ಸರಳವಾಗಿತ್ತು. ಲಿಫ್ಟ್ ಶುರುವಾದ ಹೊತ್ತಿನಿಂದ ಹತ್ತೂವರೆಯವರೆಗೆ ಉದ್ದನೆಯ, ಅಗಲವಾದ ತಿರುವುಗಳು. ಏಕೆಂದರೆ ರಾತ್ರಿ ಹಿಮವನ್ನು ಸಮಮಾಡುವ ಗ್ರೂಮರ್ ಯಂತ್ರ ಎಳೆದ ಗೀರುಗಳು ಆಗಿನ್ನೂ ಅಳಿಸಿರುವುದಿಲ್ಲ, ಸ್ಕೀಯ ಅಂಚು ಹಿಮವನ್ನು ಕಚ್ಚುತ್ತದೆ, ಅಗಲಕ್ಕೆ ಹೋಗಲು ಜಾಗವೂ ಇರುತ್ತದೆ. ಅದಾದ ಮೇಲೆ ಜನ ಹೆಚ್ಚಿದಂತೆ ನಡುಭಾಗದ ಹಿಮವೆಲ್ಲ ಕೆರೆದುಹೋಗಿ, ಕಡಿದಾದ ಕಡೆಯಲ್ಲಿ ಬೂದು ಬಣ್ಣದ ಗಟ್ಟಿ ತಳ ಕಾಣಿಸಿಕೊಳ್ಳುತ್ತದೆ. ಅದರ ಮೇಲೆ ಹಾಯುವ ಸ್ಕೀಗಳ ಕರಕರ ಸದ್ದು ಲಿಫ್ಟ್‌ನಲ್ಲಿ ಕೂತವರಿಗೂ ಕೇಳಿಸುತ್ತದೆ. ಕೆರೆದ ಹಿಮ ಎಲ್ಲಿಗೂ ಹೋಗುವುದಿಲ್ಲ, ಅಂಚಿನ ಹಗ್ಗದ ಉದ್ದಕ್ಕೂ ಮೆತ್ತಗೆ ಗುಪ್ಪೆಯಾಗುತ್ತದೆ. ಹಾಗಾಗಿ ಹತ್ತೂವರೆಯ ನಂತರ ನಾವು ಎಡಬದಿಯ ಅಂಚಿಗೆ ಸರಿದು, ಎರಡು ಸ್ಕೀ ಉದ್ದದಷ್ಟೇ ಅಗಲದ ಓಣಿಯಲ್ಲಿ ಗಿಡ್ಡ ತಿರುವುಗಳನ್ನು ಅಭ್ಯಾಸ ಮಾಡಿದೆವು. ಗೆಳೆಯ ಮೊದಲು ಗೊಣಗಿದ, ಆಮೇಲೆ ನನ್ನನ್ನೇ ಹಿಂದೆ ಹಾಕಿದ. ನಡುವೆ ಪ್ರತಿ ಬಾರಿಯೂ ನಿಂತು ಮೇಲಕ್ಕೆ ನೋಡಿಯೇ ಹೊರಡುವ ಶಿಸ್ತೊಂದನ್ನು ಮಾತ್ರ ನಾನು ಬಿಡಲಿಲ್ಲ; ಇಕ್ಕಟ್ಟಾದ ಪಟ್ಟಿಯಲ್ಲಿ ಮಂಜುಗಡ್ಡೆಗಿಂತ ನನಗೆ ಹೆಚ್ಚು ಭಯ ಹಿಂದಿನಿಂದ ಹತೋಟಿ ತಪ್ಪಿ ಬರುವವರದು.

ಲಿಫ್ಟ್‌ನಲ್ಲಿ ಹೋಗುವಾಗಲೆಲ್ಲ ಅವನ ಕಣ್ಣು ಪ್ಯಾಲವಿಚಿನಿಯ ಕಡೆಗೆ. ಕಡಿದಾದ ಆ ಇಳಿಜಾರು ದೂರದಿಂದ ಪೂರ್ತಿ ಬೆಳ್ಳಗೆ ಕಾಣುತ್ತಿತ್ತು. ಅಷ್ಟು ಹಿಮವಿದ್ದೂ ಏಕೆ ತೆರೆದಿಲ್ಲವೆಂಬುದು ಅವನ ತಕರಾರು. ರನ್‌ನ ಅಂಚಿನಲ್ಲಿ ಮರಗಳ ನೆರಳಿಗೆ ಉಳಿದಿದ್ದ ಅಕ್ಟೋಬರ್‌ನ ಹಳೆಯ ಹಿಮವನ್ನು ಹಗ್ಗದ ಬದಿಯಿಂದಲೇ ಕೈಗವಸಿನಲ್ಲಿ ತೆಗೆದು ತೋರಿಸಿದೆ. ಎಷ್ಟು ಅದುಮಿದರೂ ಉಂಡೆಯಾಗದೆ, ಬನ್ಸಿ ರವೆಯ ಹಾಗೆ ಬೆರಳ ಸಂದಿಯಿಂದ ಸುರಿದುಹೋಯಿತು. ತೆಳುವಾದ ಹಿಮದ ಹಾಸಿನ ಕೆಳಗೆ ನೆಲ ಬೆಚ್ಚಗಿದ್ದು ಮೇಲೆ ರಾತ್ರಿಯ ಕೊರೆತವಿದ್ದರೆ, ಒಳಗಿನ ಆವಿ ಮೇಲೇರುತ್ತ ಹರಳುಗಳನ್ನು ಒಂದಕ್ಕೊಂದು ಅಂಟದ ಕಾಳುಗಳನ್ನಾಗಿ ಮಾರ್ಪಡಿಸುತ್ತದೆ. ಇದರ ಮೇಲೆ ಡಿಸೆಂಬರ್‌ನ ಭಾರದ ಹಿಮ ಕೂತರೆ, ಇಡೀ ಹಾಸು ಜಾರಿ ಹಿಮಕುಸಿತವಾಗುವ ಅಪಾಯವಿರುತ್ತದೆ. ಕಡಿದಾದ ಜಾಗಗಳಲ್ಲಿ ಈ ಪದರವನ್ನು ಕಾಲಿನಿಂದ ತುಳಿದು ಮುರಿಯುವುದೂ ಒಂದು ಕೆಲಸ. ಆಸ್ಪೆನ್ ಹೈಲ್ಯಾಂಡ್ಸ್‌ನ ಹೈಲ್ಯಾಂಡ್ ಬೌಲ್‌ನಲ್ಲಿ ಅದನ್ನು ಸಾಲಾಗಿ ನಿಂತು ತುಳಿದವರಿಗೆ ಕೂಲಿಯ ಬದಲು ಸ್ಕೀ ಪಾಸ್ ಕೊಡುವ ಪದ್ಧತಿಯೇ ಇದೆ. ಮುಚ್ಚಿದ ಹಗ್ಗದಡಿ ನುಸುಳುವುದು ಕೊಲೊರಾಡೊದಲ್ಲಿ ಕಾನೂನಿನ ಪ್ರಕಾರವೂ ಅಪರಾಧವೆಂದು ಹೇಳಿದ ಮೇಲೆ ಗೆಳೆಯ ಆ ಕಡೆ ನೋಡುವುದನ್ನು ಕಡಿಮೆ ಮಾಡಿದ.

ಹನ್ನೊಂದೂವರೆಗೆ ಲಿಫ್ಟ್‌ನ ಸಾಲು ಉದ್ದವಾದಾಗ ಮೇಲಿನ ಬ್ಲ್ಯಾಕ್ ಮೌಂಟನ್ ಲಾಡ್ಜ್‌ಗೆ ಹೋಗಿ ಕೂತು, ಮನೆಯಿಂದ ತಂದ ಚಪಾತಿ ತಿನ್ನುತ್ತ, ನಕ್ಷೆ ಬಿಡಿಸಿ ಮುಂದಿನ ವಾರಗಳನ್ನು ಹಂಚಿದೆವು. ರ‍್ಯಾಮ್‌ರಾಡ್ ರನ್‌ನಲ್ಲಿ ಹಿಮದ ದೊಡ್ಡ ದಿಬ್ಬಗಳು ಆಗಲೇ ಎದ್ದಿದ್ದವು. ಅವುಗಳಿಂದ ನೀರು ಬಸಿದು ಗಟ್ಟಿಯಾದ ಮೇಲೆ ಯಂತ್ರದಿಂದ ತಳ್ಳಿ ಹರಡಬೇಕು. ಅದು ತೆರೆದರೆ ಜನ ಎರಡಾಗಿ ಒಡೆಯುತ್ತಾರೆ, ಆಗ ನಮಗೆ ಶನಿವಾರವೂ ಅಡ್ಡಿಯಿಲ್ಲ. ಆಮೇಲೆ ಲೆನಾವೀ ಲಿಫ್ಟ್, ಅದರಡಿ ಡರ್ಕಮ್ಸ್ ಗಲ್ಚ್. ಎ-ಬೇಸಿನ್ ಕಟ್ಟಿದವರಲ್ಲೊಬ್ಬರಾದ ಮ್ಯಾಕ್ಸ್ ಡರ್ಕಮ್ ಮುಂದೆ 1970ರಲ್ಲಿ ಕೀಸ್ಟೋನನ್ನೂ ಆರಂಭಿಸಿದವರು. ಅಲ್ಲಿಯ ಬೆಟ್ಟಕ್ಕೂ ಅವರದೇ ಹೆಸರು. ಲೆನಾವೀ ಮರಗಳ ಗಡಿ ದಾಟಿ ಮೇಲೇರುವುದರಿಂದ ಅಲ್ಲಿ ಬಿದ್ದ ಹಿಮವನ್ನು ಗಾಳಿ ಹೊತ್ತೊಯ್ಯುತ್ತದೆ. ಅದಕ್ಕೆ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕಿಂತ ಮೊದಲು ದಿನ ಇಟ್ಟುಕೊಳ್ಳುವುದು ಬೇಡವೆಂದು ನಾನು ಪಟ್ಟು ಹಿಡಿದೆ. ಪ್ಯಾಲವಿಚಿನಿ, ಈಸ್ಟ್ ವಾಲ್, ಮಾಂಟೆಜುಮಾ ಬೌಲ್ ಮೂರನ್ನೂ ಹೊಸವರ್ಷದ ಆಚೆಗೆ ಬರೆದು, ಪಕ್ಕದಲ್ಲಿ ಗೆಳೆಯನ ಒತ್ತಾಯಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಊಟದ ನಂತರ ಇನ್ನೂ ಕೆಲವು ಸಲ ಇಳಿದು, ಕಾಲು ಸೋಲುವ ಮೊದಲೇ ಎರಡು ಗಂಟೆಗೆ ಬೂಟು ಬಿಚ್ಚಿದೆವು. ಮುಂದಿನ ಮಂಗಳವಾರದಿಂದ ಸತತವಾಗಿ ಮೂರು ರಾತ್ರಿ ಕೊರೆಯುವ ಚಳಿಯ ಮುನ್ಸೂಚನೆಯಿತ್ತು. ಅದು ನಿಜವಾಗಿ ರ‍್ಯಾಮ್‌ರಾಡ್ ವಾರಾಂತ್ಯಕ್ಕೆ ತೆರೆದರೂ ಆ ಮೊದಲ ಬೆಳಗ್ಗೆಯ ನೂಕುನುಗ್ಗಲನ್ನು ಬೇರೆಯವರಿಗೆ ಬಿಟ್ಟು, ಸೋಮವಾರ ರಜೆ ಹಾಕಿ ಬರುವುದೆಂದು ಕಾರಿನಲ್ಲೇ ತೀರ್ಮಾನಿಸಿದೆವು.