13 ಸೆಂಟಿಮೀಟರ್ ಜಾಸ್ತಿ

ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ಸ್ಥಳೀಯ ಆಡಳಿತದಿಂದ, ಬಂದ ಆಫೀಸರ್ ಜಾಸ್ತಿ ಮಾತಾಡಲಿಲ್ಲ. ಕ್ಯಾಬಿನ್ ಪಕ್ಕದ ಹುಲ್ಲಿನ ಮೇಲೆ ಮಂಡಿಯೂರಿ ಕೂತರು. ಕ್ಯಾಬಿನ್ ಕೂತಿದ್ದ ಕಾಂಕ್ರೀಟ್ ಸ್ಲ್ಯಾಬ್‌ನ ಅಂಚಿಗೆ ಒತ್ತಿಕೊಂಡಿದ್ದ ಸಡಿಲ ಮಣ್ಣನ್ನು ಕೈಯಲ್ಲೇ ಸರಿಸಿದರು. ಗಟ್ಟಿ ನೆಲ ಸಿಕ್ಕ ಮೇಲೆ ಅಳತೆ ಕೋಲಿನ ಬುಡ ಅಲ್ಲಿಟ್ಟು, ಚಾವಣಿಯ ತುದಿ ನೋಡಿ ಬರೆದುಕೊಂಡರು. 2.63 ಮೀಟರ್. ನನ್ನ ಡ್ರಾಯಿಂಗ್‌ನಲ್ಲಿ ಇದ್ದದ್ದು 2.48.

ನಾನು ಇಂಗ್ಲೆಂಡಿನಲ್ಲಿ, ಮನೆಗಳ ಹಿತ್ತಲಲ್ಲಿ ಮರದ ಕ್ಯಾಬಿನ್, ಶೆಡ್ ಕಟ್ಟಿಕೊಡುವ ಸಣ್ಣ ಕಂಪನಿಯಲ್ಲಿ ಡ್ರಾಯಿಂಗ್ ಕೆಲಸ ಮಾಡುತ್ತೇನೆ. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಆರ್ಕಿಟೆಕ್ಟ್ ಒಬ್ಬರ ಹತ್ತಿರ ಐದು ವರ್ಷ ಇದ್ದೆ. ಅಲ್ಲಿ ಸೆಟ್‌ಬ್ಯಾಕ್ ಬಿಡಿ ಅಂತ ಮನೆ ಮಾಲೀಕರನ್ನು ಬೇಡಿಕೊಳ್ಳುವುದೇ ಅರ್ಧ ಕೆಲಸ. ಹಾಗಾಗಿ ಒಂದು ಶೆಡ್ಡಿನ ನಿಯಮ ನನಗೆ ಯಾವ ಲೆಕ್ಕ ಅಂದುಕೊಂಡಿದ್ದೆ. ಊರಲ್ಲಿ ಅಪ್ಪ ಸೌದೆ ಕೊಟ್ಟಿಗೆ ಕಟ್ಟಿದಾಗ ಯಾರನ್ನು ಕೇಳಿದ್ದರು? ನಾಲ್ಕು ಕಂಬ, ಮೇಲೆ ಶೀಟು, ಮುಗೀತು.

ಇಲ್ಲೂ ಬಹಳಷ್ಟು ಶೆಡ್‌ಗಳಿಗೆ ಪ್ಲಾನಿಂಗ್ ಪರ್ಮಿಷನ್ ಬೇಡ. ಪರ್ಮಿಟೆಡ್ ಡೆವಲಪ್‌ಮೆಂಟ್ ಅಂತ ಒಂದು ಏರ್ಪಾಡಿದೆ. 2015ರ ಆದೇಶದಲ್ಲಿ ಕ್ಲಾಸ್ ಇ ಅನ್ನುವ ಭಾಗ ಹಿತ್ತಲಿನ ಕಟ್ಟಡಗಳದ್ದು. ಅದರ ಮಿತಿಗಳೊಳಗೆ ಇದ್ದರೆ ಅರ್ಜಿ ಹಾಕದೆ ಕಟ್ಟಬಹುದು. ಒಂದೇ ಅಂತಸ್ತು ಇರಬೇಕು. ಮನೆಯ ಮುಂಭಾಗ ದಾಟಿ ಬರಬಾರದು. ಸೂರಿನ, ಅಂದರೆ ಚಾವಣಿ ಗೋಡೆಗೆ ಸೇರುವ ಅಂಚಿನ, ಎತ್ತರ 2.5 ಮೀಟರ್ ಮೀರಬಾರದು. ಎರಡೂ ಕಡೆ ಇಳಿಜಾರಿರುವ ಚಾವಣಿಯಾದರೆ ಒಟ್ಟು ಎತ್ತರ 4 ಮೀಟರ್, ಬೇರೆ ಚಾವಣಿಯಾದರೆ 3 ಮೀಟರ್. ಆದರೆ ಕಟ್ಟಡದ ಯಾವುದೇ ಭಾಗ ಬೇಲಿಯಿಂದ 2 ಮೀಟರ್ ಒಳಗೆ ಬಂದರೆ ಒಟ್ಟು ಎತ್ತರವೇ 2.5 ಮೀಟರ್ ಮೀರುವಂತಿಲ್ಲ. ಇಲ್ಲಿನ ಹಿತ್ತಲುಗಳು ಚಿಕ್ಕವು, ಎಲ್ಲರಿಗೂ ಬೇಲಿ ಮೂಲೆಯೇ ಬೇಕು. ಹಾಗಾಗಿ ನಮ್ಮ ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಕೇಳಿಸುವ ಸಂಖ್ಯೆ ಎರಡೂವರೆ. ಕಿಟ್, ಅಂದರೆ ತಂದು ಜೋಡಿಸುವ ರೆಡಿಮೇಡ್ ಕ್ಯಾಬಿನ್, ತಯಾರಿಸುವವರಿಗೂ ಇದು ಗೊತ್ತು. 2.48, 2.49 ಎತ್ತರದ ಮಾಡೆಲ್‌ಗಳು ಸುಮ್ಸುಮ್ನೆ ಹುಟ್ಟಿಲ್ಲ.

ನನ್ನ ಗ್ರಾಹಕರು ಒಬ್ಬ ನಿವೃತ್ತ ಟೀಚರ್. ಮಣ್ಣಿನ ಪಾತ್ರೆ ಮಾಡಲು ಅವರಿಗೊಂದು ಸ್ಟುಡಿಯೋ ಬೇಕಿತ್ತು. ಬೇಲಿಯಿಂದ 60 ಸೆಂಟಿಮೀಟರ್ ದೂರ, ಒಂದೇ ಕಡೆ ಇಳಿಜಾರಿನ ಚಾವಣಿ. ಕಿಟ್‌ನ ಕ್ಯಾಟಲಾಗ್‌ನಲ್ಲಿ ಎತ್ತರ 2.48 ಅಂತಿತ್ತು. ನಾನು ಅದನ್ನೇ ಡ್ರಾಯಿಂಗ್‌ಗೆ ಇಳಿಸಿದೆ. ಪರ್ಮಿಷನ್ ಬೇಕಿಲ್ಲ ಅಂತ ಇ-ಮೇಲ್‌ನಲ್ಲಿ ಬರೆದುಕೊಟ್ಟವನೂ ನಾನೇ.

ಕ್ಯಾಟಲಾಗ್‌ನ ಎತ್ತರ ಶುರುವಾಗುವುದು ಕಿಟ್‌ನ ತಳದಿಂದ. ಕಾನೂನಿನ ಎತ್ತರ ಶುರುವಾಗುವುದು ಪಕ್ಕದ ನೆಲದಿಂದ. ನಡುವೆ ಇದ್ದದ್ದು ನಮ್ಮ ಸ್ಲ್ಯಾಬ್. ಮಳೆ ನೀರು ಮರಕ್ಕೆ ತಾಕಬಾರದು ಅಂತ ನಮ್ಮ ಹುಡುಗರು ಅದನ್ನು ನೆಲದಿಂದ 15 ಸೆಂಟಿಮೀಟರ್ ಎತ್ತರಿಸಿದ್ದರು. ಅವರದ್ದು ಒಳ್ಳೆಯ ಕೆಲಸವೇ, ತಪ್ಪು ನನ್ನದು. ಕಾನೂನಿನ ಕಣ್ಣಿಗೆ ಸ್ಲ್ಯಾಬ್ ಕೂಡ ಕಟ್ಟಡದ ಭಾಗ. ಡೆಕ್ಕಿಂಗ್, ಅಂದರೆ ಮರದ ಹಲಗೆಯ ಜಗಲಿ, ಹಾಕಿ ಅದರ ಮೇಲೆ ಕ್ಯಾಬಿನ್ ಕೂರಿಸಿದರೂ ಅಷ್ಟೇ, ಅಳತೆ ಡೆಕ್ಕಿಂಗ್ ಕೆಳಗಿನ ನೆಲದಿಂದ.

ದೂರು ಕೊಟ್ಟವರು ಹಿಂದಿನ ಮನೆಯವರು. ಅವರ ಸಿಟ್ಟಿಗೆ ಕಾರಣ ನೋಡಲು ನಾನು ಅವರ ಹಿತ್ತಲಿಗೂ ಹೋಗಿ ನಿಂತೆ. ಜಾಗ ಹಿಂದಕ್ಕೆ ಇಳಿಜಾರು. ಕ್ಯಾಬಿನ್‌ನ ಮುಂಭಾಗದಿಂದ ಹಿಂಭಾಗಕ್ಕೆ ನೆಲ 40 ಸೆಂಟಿಮೀಟರ್ ಇಳಿದಿತ್ತು. ಅವರ ಅಡುಗೆ ಮನೆ ಕಿಟಕಿಯಿಂದ ನೋಡಿದರೆ ಬೇಲಿಯ ಮೇಲೆ ಮರದ ಗೋಡೆ ಎದ್ದು ನಿಂತ ಹಾಗಿತ್ತು. ತಮಾಷೆ ಏನೆಂದರೆ, ಆ 40 ಸೆಂಟಿಮೀಟರ್ ಲೆಕ್ಕಕ್ಕೇ ಬರುವುದಿಲ್ಲ. ನೆಲ ಸಮ ಇಲ್ಲದಿದ್ದರೆ ಕಟ್ಟಡಕ್ಕೆ ತಾಗಿದ ನೆಲದಲ್ಲಿ ಅತಿ ಎತ್ತರದ ಜಾಗದಿಂದ ಅಳೆಯಬೇಕು ಅಂತ ನಿಯಮ. ಆಫೀಸರ್ ಮಂಡಿಯೂರಿದ್ದು ಅದಕ್ಕೇ ಮುಂದಿನ ಮೂಲೆಯಲ್ಲಿ. ಅಂದರೆ ನಾನು ಸರಿಯಾಗಿ 2.5ರೊಳಗೆ ಕಟ್ಟಿಸಿದ್ದರೂ ಪಾಪ ಅವರಿಗೆ ಹೆಚ್ಚುಕಡಿಮೆ ಅಷ್ಟೇ ಗೋಡೆ ಕಾಣುತ್ತಿತ್ತು, ಏನೂ ಮಾಡಲು ಆಗುತ್ತಿರಲಿಲ್ಲ. ಇದು ನ್ಯಾಯವಾ ಅಂತ ಕೇಳಿದರೆ, ನನಗೆ ಹಾಗನ್ನಿಸುವುದಿಲ್ಲ.

ಈ 13 ಸೆಂಟಿಮೀಟರ್‌ಗೆ ಕೌನ್ಸಿಲ್ ಕ್ರಮ ತಗೊಳ್ಳಲೇಬೇಕು ಅಂತೇನೂ ಇಲ್ಲ. ಸಣ್ಣ ತಪ್ಪಾದರೆ ಅವರು ಬಿಟ್ಟುಬಿಡಬಹುದು. ಕಟ್ಟಿದ ಮೇಲೂ ಅನುಮತಿಗೆ ಅರ್ಜಿ ಹಾಕಬಹುದು. ಮಿತಿ ದಾಟಿದ ಮೇಲೆ ಪೂರ್ತಿ ಕ್ಯಾಬಿನ್‌ಗೇ ಅನುಮತಿ ಬೇಕು, ಮೇಲಿನ 13 ಸೆಂಟಿಮೀಟರ್‌ಗೆ ಮಾತ್ರ ಅಲ್ಲ. ನಮ್ಮ ಬಾಸ್‌ಗೆ ಅರ್ಜಿಯೇ ಸುಲಭ ಅನ್ನಿಸಿತ್ತು. ಟೀಚರ್ ಒಪ್ಪಲಿಲ್ಲ. "ನಾಳೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಕೇಳಿದರೆ ನಾನು ಏನು ಹೇಳಲಿ? ಪಕ್ಕದವರ ಮುಖ ಹೇಗೆ ನೋಡಲಿ?" ಅಂದರು. ಮೊದಲಾದರೆ ಇಂಥ ಕಟ್ಟಡ ನಾಲ್ಕು ವರ್ಷ ಯಾರ ಕಣ್ಣಿಗೂ ಬೀಳದೆ ನಿಂತರೆ ಬಚಾವ್. 2024ರ ಏಪ್ರಿಲ್ 25ರಿಂದ ಇಂಗ್ಲೆಂಡಿನಲ್ಲಿ ಅದು ಹತ್ತು ವರ್ಷ ಆಗಿದೆ. ಈ ಕೆಲಸದಲ್ಲಿ ಇರುವವರೇ ಇನ್ನೂ ಹಳೆಯ ನಾಲ್ಕು ವರ್ಷದ ಲೆಕ್ಕ ಹೇಳುವುದನ್ನು ಕೇಳಿದ್ದೇನೆ.

ಕೊನೆಗೆ ಉಪಾಯ ಹೊಳೆದದ್ದು ನಮ್ಮ ಬಡಗಿಗೆ. ಈ ಕ್ಯಾಬಿನ್‌ಗಳಲ್ಲಿ ಗೋಡೆ ಅಂದರೆ ಒಂದರ ಮೇಲೊಂದು ಕಚ್ಚಿ ಕೂರುವ ಹಲಗೆಗಳು. ಒಂದೊಂದರ ಎತ್ತರ 14 ಸೆಂಟಿಮೀಟರ್. ಬಾಗಿಲ ಮೇಲೆ ಎರಡು ಸಾಲು ಇತ್ತು, ನಮ್ಮ ಪುಣ್ಯ. ಚಾವಣಿ ಬಿಚ್ಚಿ, ಸುತ್ತಲೂ ಒಂದು ಸಾಲು ತೆಗೆದು, ಮತ್ತೆ ಚಾವಣಿ ಕೂರಿಸಿದರು. ಎರಡು ದಿನದ ಕೆಲಸ, ಖರ್ಚು ಕಂಪನಿಯದ್ದು. ಈಗ ಎತ್ತರ 2.49. ತೆಗೆದ ಹಲಗೆಗಳನ್ನು ಟೀಚರ್ ಬಿಸಾಡಲು ಬಿಡಲಿಲ್ಲ. ಹಸಿ ಮಡಕೆ ಒಣಗಿಸುವ ಕಪಾಟಾಗಿ ಅವು ಅದೇ ಗೋಡೆಯ ಮೇಲೆ ಕೂತಿವೆ.

ಆಮೇಲೆ ನನ್ನ ಡ್ರಾಯಿಂಗ್‌ನಲ್ಲಿ ಒಂದು ಗೆರೆ ಜಾಸ್ತಿಯಾಗಿದೆ. ಜಾಗ ನೋಡಲು ಹೋದಾಗ ನಾಲ್ಕು ಮೂಲೆಯಲ್ಲೂ ನೆಲದ ಮಟ್ಟ ತೆಗೆಯುತ್ತೇನೆ, ಫೋಟೋ ಸಮೇತ. ಅತಿ ಎತ್ತರದ ಮೂಲೆಯಲ್ಲಿ ಸೊನ್ನೆ ಅಂತ ಬರೆಯುತ್ತೇನೆ. ಅಲ್ಲಿಂದ ಮೇಲೆ ಮೊದಲು ಸ್ಲ್ಯಾಬ್, ಆಮೇಲೆ ಕಿಟ್.

ಒಮ್ಮೆ ಪೆಟ್ಟು ತಿಂದ ಮೇಲೆ ಬೇರೆ ನಿಯಮಗಳನ್ನೂ ಇದೇ ಕಣ್ಣಿನಿಂದ ಓದತೊಡಗಿದೆ. ಮಿತಿ ಎಷ್ಟು ಅನ್ನುವುದು ಎಲ್ಲರಿಗೂ ಬಾಯಿಪಾಠ. ಲೆಕ್ಕ ಎಲ್ಲಿಂದ ಶುರು ಅನ್ನುವುದೇ ಗೊತ್ತಿರುವುದಿಲ್ಲ. ಮೂಲ ಮನೆಯ ಸುತ್ತಲಿನ ಜಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಕಟ್ಟಡ ಇರಬಾರದು ಅಂತ ಒಂದು ಮಿತಿ ಇದೆ. ಮೂಲ ಮನೆ ಅಂದರೆ ನೀವು ಕೊಂಡಾಗ ಇದ್ದ ಮನೆ ಅಲ್ಲ. 1948ರ ಜುಲೈ 1ರಂದು ಇದ್ದ ಮನೆ, ಅಥವಾ ಆಮೇಲೆ ಕಟ್ಟಿದ್ದಾದರೆ ಮೊದಲು ಕಟ್ಟಿದಾಗಿನ ರೂಪ. ಹಿಂದಿನ ಮೂವರು ಮಾಲೀಕರು ಸೇರಿಸಿದ ಅಡುಗೆ ಮನೆ, ಗ್ಯಾರೇಜು ಎಲ್ಲ ನಿಮ್ಮ ಲೆಕ್ಕಕ್ಕೇ. 1948ರ ಆ ಜುಲೈ 1, 1947ರ ಪ್ಲಾನಿಂಗ್ ಕಾಯ್ದೆ ಜಾರಿಗೆ ಬಂದ ದಿನ. ನಮ್ಮ ಸ್ವಾತಂತ್ರ್ಯದ ಕಾಯ್ದೆ ಪಾಸು ಮಾಡಿದ ಅದೇ ಬೇಸಿಗೆಯಲ್ಲಿ ಇಲ್ಲಿನ ಪಾರ್ಲಿಮೆಂಟು ಇದನ್ನೂ ಪಾಸು ಮಾಡಿತ್ತು.

ಇನ್ನು ಲಿಸ್ಟೆಡ್ ಕಟ್ಟಡದ, ಅಂದರೆ ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡದ, ಹಿತ್ತಲಾದರೆ ಈ ರಿಯಾಯಿತಿ ಇಲ್ಲ, ಫ್ಲ್ಯಾಟ್‌ಗಳಿಗೂ ಇಲ್ಲ. ಕೆಲವು ಹೊಸ ಬಡಾವಣೆಗಳಲ್ಲಿ ಅನುಮತಿ ಕೊಡುವಾಗಲೇ ಷರತ್ತು ಹಾಕಿ ಇದನ್ನು ಕಿತ್ತುಕೊಂಡಿರುತ್ತಾರೆ. ಅನುಮಾನ ಇದ್ದರೆ ಕಟ್ಟುವ ಮೊದಲೇ ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್, ಅಂದರೆ ಇದು ಕಾನೂನುಬದ್ಧ ಅನ್ನುವ ಕೌನ್ಸಿಲ್‌ನ ಪತ್ರ, ಮಾಡಿಸಿ ಅನ್ನುತ್ತೇನೆ. ಅದರ ಫೀಸು ಮಾಮೂಲಿ ಅರ್ಜಿಯ ಅರ್ಧ.

ನಮ್ಮವರೇ ಕೇಳುವ ಪ್ರಶ್ನೆ ಬೇರೆ. ಹೋದ ವರ್ಷ ಮೈಸೂರು ಕಡೆಯ ಒಬ್ಬರು ಫೋನ್ ಮಾಡಿದರು. ಅಪ್ಪ ಅಮ್ಮ ಆರು ತಿಂಗಳಿಗೆ ಬರುತ್ತಾರೆ, ಮೆಟ್ಟಿಲು ಹತ್ತಲು ಆಗಲ್ಲ, ಹಿತ್ತಲಲ್ಲಿ ಒಂದು ರೂಮು, ಒಂದು ಬಾತ್‌ರೂಮು ಸಾಕು. ಅಳತೆ ಎಲ್ಲ ಮಿತಿಯೊಳಗೇ ಇತ್ತು. ಆದರೂ ಆಗುವುದಿಲ್ಲ ಅಂದೆ. ಕ್ಲಾಸ್ ಇ ಕಟ್ಟಡ ಮನೆಯ ಪೂರಕ ಬಳಕೆಗೆ ಮಾತ್ರ. ಹವ್ಯಾಸ, ಆಫೀಸು, ವ್ಯಾಯಾಮ, ಸಾಮಾನು, ಇವೆಲ್ಲ ಸರಿ. ಮಲಗುವ ಕೋಣೆ, ಅಡುಗೆ ಮನೆ, ಬಚ್ಚಲು ಅಂದರೆ ವಾಸ ಅಂತ ಸರ್ಕಾರದ ಮಾರ್ಗಸೂಚಿಯಲ್ಲೇ ಇದೆ. ಮಲಗುವ ವ್ಯವಸ್ಥೆ ಬಂತು ಅಂದರೆ ಬಿಲ್ಡಿಂಗ್ ರೆಗ್ಯುಲೇಷನ್ಸ್, ಅಂದರೆ ಕಟ್ಟಡದ ಸುರಕ್ಷತೆ, ಗುಣಮಟ್ಟದ ನಿಯಮಗಳು, ಕೂಡ ಬೆನ್ನು ಹತ್ತುತ್ತವೆ. 15 ಚದರ ಮೀಟರ್‌ಗಿಂತ ಚಿಕ್ಕ ಶೆಡ್‌ಗೆ ಸಿಗುವ ವಿನಾಯಿತಿ ಮಂಚ ಹಾಕಿದ ಕೂಡಲೇ ಹೋಗುತ್ತದೆ.

"ಏನ್ ಸರ್, ಹೆತ್ತ ತಾಯಿಗೆ ಒಂದು ಮಂಚ ಹಾಕೋಕೂ ಕೌನ್ಸಿಲ್‌ನ ಕೇಳಬೇಕಾ?" ಅಂದರು.

ಕೇಳಬೇಕು. ಅದಕ್ಕೆ ಕಾರಣವೂ ಇದೆ. ಶೆಡ್‌ಗಳಲ್ಲಿ ಜನರನ್ನು ತುಂಬಿ ಬಾಡಿಗೆ ವಸೂಲಿ ಮಾಡುವವರ ಕಾಟ ಎಷ್ಟಿತ್ತೆಂದರೆ, 2013ರಲ್ಲಿ ಲಂಡನ್ ಹತ್ತಿರದ ಸ್ಲೌ (Slough) ಪಟ್ಟಣದ ಕೌನ್ಸಿಲ್ ಶಾಖ ಹಿಡಿಯುವ ಕ್ಯಾಮೆರಾ ಇಟ್ಟು ವಿಮಾನವನ್ನೇ ಹಾರಿಸಿತ್ತು. ಬೆಚ್ಚಗಿರುವ ಶೆಡ್ ಅಂದರೆ ಒಳಗೆ ಯಾರೋ ಇದ್ದಾರೆ ಅಂತ ಅನುಮಾನ. ಇಷ್ಟನ್ನೂ ಹೇಳಿ, ಪೂರ್ತಿ ಅರ್ಜಿ ಹಾಕೋಣ, ಬೇರೆಯವರಿಗೆ ಬಾಡಿಗೆಗೆ ಕೊಡಬಾರದು ಅನ್ನೋ ಷರತ್ತಿನ ಮೇಲೆ ಸಿಗಬಹುದು ಅಂದೆ.

ಅವರು ಮನೆಯಲ್ಲಿ ಮಾತಾಡಿ ಬೇರೆ ದಾರಿ ಹಿಡಿದರು. ಕೆಳಗಿದ್ದ ತಮ್ಮ ಆಫೀಸ್ ರೂಮನ್ನು ಅಪ್ಪ ಅಮ್ಮನಿಗೆ ಬಿಟ್ಟುಕೊಟ್ಟು, ಕಂಪ್ಯೂಟರನ್ನು ಹಿತ್ತಲಿನ ಕ್ಯಾಬಿನ್‌ಗೆ ಸಾಗಿಸಿದರು. ಅಪ್ಪ ಮಾತ್ರ ಮಧ್ಯಾಹ್ನ ಊಟ ಆದ ಕೂಡಲೇ ಅಲ್ಲಿಗೇ ಹೋಗಿ, ಈಸಿಚೇರಿನಲ್ಲಿ ಒಂದು ಗಂಟೆ ಗೊರಕೆ ಹೊಡೆಯುತ್ತಾರಂತೆ. ಮಗ ಫೋನ್ ಮಾಡಿ, ಇದಕ್ಕೂ ಅರ್ಜಿ ಬೇಕಾ ಅಂತ ಕೇಳಿದರು. ಬೇಡ ಅಂದೆ.